ಕೆಳಗಿನ ಟಾಯ್ಲೆಟ್‌ನಲ್ಲೇ ದೊಡ್ಡಮ್ಮನಿಗೆ ಶವರ್: ನೆಲ ಒಡೆಯಲೇಬೇಕಾ?

ಮೆಟ್ಟಿಲು_ಬೇಡ:
ದೊಡ್ಡಮ್ಮನಿಗೆ 81. ಸೊಂಟದ ಮೂಳೆ ಮುರಿದು ಆಪರೇಷನ್ ಆಗಿ ನಾಲ್ಕು ತಿಂಗಳಾಯಿತು, ಈಗ ವಾಕರ್ ಹಿಡಿದು ನಿಧಾನವಾಗಿ ಓಡಾಡುತ್ತಾರೆ. ನಮ್ಮ ಜೊತೆಯಲ್ಲೇ ಇದ್ದಾರೆ, ಮಲಗುವುದು ಕೆಳಗಿನ ಕೋಣೆಯಲ್ಲಿ. ಸ್ನಾನದ ಮನೆ ಇರುವುದು ಮಾತ್ರ ಮೇಲೆ. ಹದಿನಾಲ್ಕು ಮೆಟ್ಟಿಲು. ನಾನು ಹಿಂದೆ, ನನ್ನ ಹೆಂಡತಿ ಮುಂದೆ ನಿಂತು ಹತ್ತಿಸುತ್ತೇವೆ, ಇಳಿಸುವ ಹೊತ್ತಿಗೆ ಮೂವರ ಜೀವವೂ ಬಾಯಿಗೆ ಬಂದಿರುತ್ತದೆ.

ಕೆಳಗೆ ಒಂದು ಟಾಯ್ಲೆಟ್ ಇದೆ. ಅಗಲ 3 ಅಡಿ 4 ಇಂಚು, ಉದ್ದ 7 ಅಡಿ. ಬಾಗಿಲಿಗೆ ಎದುರಾಗಿ ಕೊನೆಯಲ್ಲಿ ಕಮೋಡ್, ಬಲಗೋಡೆಯ ನಡುವೆ ಚಿಕ್ಕ ವಾಶ್‌ಬೇಸಿನ್. ಬಾಗಿಲು ಒಳಗೆ ತೆರೆಯುತ್ತದೆ. ಅಲ್ಲೇ ಶವರ್ ಮಾಡಿಸೋಣ ಅಂತ ಇಬ್ಬರು ಪ್ಲಂಬರ್‌ಗಳನ್ನು ಕರೆಸಿದೆ. ಒಬ್ಬರು "ಒಂದು ಕಟ್ಟೆ ಕಟ್ಟಿ ಮೇಲೆ ಟ್ರೇ ಇಟ್ಟರೆ ಒಂದೇ ದಿನದ ಕೆಲಸ" ಅಂದರು. ಕಟ್ಟೆ ಎಷ್ಟು ಎತ್ತರ ಅಂದರೆ ಆರು ಇಂಚು! ದೊಡ್ಡಮ್ಮ ಒಂದು ಇಂಚಿನ ಹೊಸ್ತಿಲಿಗೇ ನಿಂತು ಯೋಚನೆ ಮಾಡುತ್ತಾರೆ. ಇನ್ನೊಬ್ಬರು ಪೂರ್ತಿ ನೆಲ ಒಡೆಯಬೇಕು ಅಂದರು. ಯಾರ ಮಾತು ಕೇಳಲಿ? ಮಾಡಿಸಿದವರು ಇದ್ದರೆ ದಯವಿಟ್ಟು ಹೇಳಿ.

ಹಳೇಪೈಪು:
ಪೈಪಿನ ಕೆಲಸದಲ್ಲೇ ಕೂದಲು ಬೆಳ್ಳಗಾಗಿದೆ, ಹಾಗಾಗಿ ಸ್ವಲ್ಪ ಉದ್ದ ಬರೆಯುತ್ತೇನೆ.

ಎಲ್ಲರೂ ಶವರ್ ಅಂದ ತಕ್ಷಣ ನೀರು ಎಲ್ಲಿಂದ ಬರುತ್ತದೆ ಅಂತ ಕೇಳುತ್ತಾರೆ. ಅದು ಸುಲಭ, ವಾಶ್‌ಬೇಸಿನ್ನಿನ ಪೈಪಿನಿಂದಲೇ ಕವಲು ತೆಗೆಯಬಹುದು. ಹೋಗುವುದು ಎಲ್ಲಿಗೆ ಅನ್ನುವುದೇ ದೊಡ್ಡ ತಲೆನೋವು. ಕಮೋಡ್‌ಗೆ 100 ಮಿ.ಮೀ. ದಪ್ಪದ ಪೈಪು ಇದೆ ನಿಜ. ಆದರೆ ಶವರ್ ನೀರಿಗೆ ಅದರದೇ ಆದ ಟ್ರ್ಯಾಪ್ (ವಾಸನೆ ಮೇಲೆ ಬರದಂತೆ ಸ್ವಲ್ಪ ನೀರು ನಿಲ್ಲಿಸಿಕೊಳ್ಳುವ ಭಾಗ) ಬೇಕು, ಆಮೇಲೆ 50 ಮಿ.ಮೀ. ಪೈಪು, ಅದಕ್ಕೆ ವಾಟ. 50ಕ್ಕೆ 1, ಅಂದರೆ ಒಂದು ಮೀಟರಿಗೆ 20 ಮಿ.ಮೀ. ಇಳಿಯಬೇಕು. ಈ ಟ್ರ್ಯಾಪು, ಈ ವಾಟ ಎರಡೂ ನೆಲದ ಒಳಗೆ ಹಿಡಿಸದಿದ್ದಾಗ ನೆಲವನ್ನೇ ಎತ್ತರಿಸುತ್ತಾರೆ. ನಿಮ್ಮ ಮೊದಲ ಪ್ಲಂಬರ್ ಹೇಳಿದ ಆರು ಇಂಚು ಬಂದಿದ್ದು ಹಾಗೆ. ಅವರಿಗೆ ಕೆಲಸ ಗೊತ್ತಿಲ್ಲ ಅಂತಲ್ಲ, ಯಾರಿಗೋಸ್ಕರ ಮಾಡುತ್ತಿದ್ದೇವೆ ಅನ್ನುವುದು ತಲೆಗೆ ಹೋಗಿಲ್ಲ ಅಷ್ಟೆ.

ಎರಡು ಪ್ರಶ್ನೆ. ಟಾಯ್ಲೆಟ್ ನೆಲದ ಕೆಳಗೆ ಮಣ್ಣಿದೆಯಾ, ನೆಲಮಾಳಿಗೆ ಇದೆಯಾ? ಹೊರಗಿನ ಚೇಂಬರ್, ಅಂದರೆ ಕೊಳಚೆ ಪೈಪು ಬಂದು ಸೇರುವ ಗುಂಡಿ, ಎಲ್ಲಿದೆ?

ಮೆಟ್ಟಿಲು_ಬೇಡ:
ಕೆಳಗೆ ಮಣ್ಣೇ. ಕಮೋಡ್ ಹಿಂದಿನ ಗೋಡೆಯಿಂದ ಹೊರಗೆ ಎರಡು ಅಡಿ ದೂರಕ್ಕೆ ಚೇಂಬರ್ ಇದೆ. ಮುಚ್ಚಳ ತೆಗೆದು ನೋಡಿದೆ, ಸಾಕಷ್ಟು ಆಳ ಇದೆ.

ಹಳೇಪೈಪು:
ಹಾಗಾದರೆ ಅದೃಷ್ಟವಂತರು. ಟ್ರ್ಯಾಪ್ ಕಮೋಡ್ ಪಕ್ಕದಲ್ಲಿ ಕೂರಿಸಿದರೆ ಚೇಂಬರ್‌ವರೆಗೆ ಐದು ಅಡಿ ಪೈಪು, ಅಂದರೆ ಒಂದೂವರೆ ಮೀಟರ್, 30 ಮಿ.ಮೀ. ವಾಟ. ಆರಾಮಾಗಿ ಸಿಗುತ್ತದೆ. ಕಟ್ಟೆ ಬೇಕಿಲ್ಲ.

ಪೈಪಿಗೆ ಒಂದು ಪಟ್ಟಿ ಅಗೆದರೆ ಸಾಕು. ಆದರೆ ನೆಲಕ್ಕೂ ವಾಟ ಕೊಡಬೇಕಲ್ಲ, ಅದಕ್ಕೆ ಹಳೇ ಟೈಲ್ ಹೇಗೂ ಎದ್ದು ಬರಲೇಬೇಕು. ಹಾಗಾಗಿ ಎರಡನೇ ಪ್ಲಂಬರ್ ಹೇಳಿದ್ದೇ ಸರಿ. ಇನ್ನೊಂದು ಮಾತು: ಟ್ರ್ಯಾಪ್‌ನಲ್ಲಿ 50 ಮಿ.ಮೀ. ನೀರು ಸದಾ ನಿಂತಿರಬೇಕು. ಚೇಂಬರಿನ ವಾಸನೆಯನ್ನು ತಡೆಯುವುದು ಆ ನೀರೇ. ಎತ್ತರ ಉಳಿಸಲು ಚಪ್ಪಟೆ ಟ್ರ್ಯಾಪ್ ಹಾಕುತ್ತೇವೆ ಅಂತ ಯಾರಾದರೂ ಬಂದರೆ ಅದರಲ್ಲಿ ನೀರು ಎಷ್ಟು ನಿಲ್ಲುತ್ತದೆ ಅಂತ ಕೇಳಿ. ಟ್ರ್ಯಾಪೇ ಇಲ್ಲದೆ ಶವರ್ ಪೈಪನ್ನು ನೇರವಾಗಿ ಕಮೋಡ್ ಪೈಪಿಗೆ ಚುಚ್ಚಿದ್ದನ್ನೂ ನೋಡಿದ್ದೇನೆ. ಆ ಮನೆಯವರು ಎರಡು ವರ್ಷ ಅಗರಬತ್ತಿ ಹಚ್ಚಿಕೊಂಡೇ ಕಾಲ ತಳ್ಳಿದ್ದರು.

ನೆಲ ಒಡೆಯಲು ಆಗುವುದೇ ಇಲ್ಲ ಅನ್ನುವವರಿಗೆ ಶವರ್ ನೀರನ್ನು ಎಳೆದು ಹೊರಹಾಕುವ ಸಣ್ಣ ಪಂಪುಗಳಿವೆ. ಸದ್ದು ಮಾಡುತ್ತವೆ, ಕೂದಲು ಸಿಕ್ಕಿಕೊಳ್ಳುತ್ತದೆ, ಕರೆಂಟ್ ಹೋದರೆ ನಿಲ್ಲುತ್ತವೆ. ಬೇರೆ ದಾರಿ ಇಲ್ಲದಿದ್ದರೆ ಮಾತ್ರ.

ಒಂದೇ_ಮಾತು:
ಇಷ್ಟೆಲ್ಲ ಯಾಕೆ? ಕಮೋಡ್ ಮುಚ್ಚಳದ ಮೇಲೆ ಕೂರಿಸಿ, ವಾಶ್‌ಬೇಸಿನ್ ನಲ್ಲಿಗೆ ಹ್ಯಾಂಡ್ ಶವರ್ ಸಿಕ್ಕಿಸಿ ಸ್ನಾನ ಮಾಡಿಸಿ. ಮುಗೀತು.

ಗಾರೆ_ಕೈ:
ನೀರು ಎಲ್ಲಿ ಹೋಗುತ್ತೆ ಸ್ವಾಮಿ? ಈಗ ಆ ನೆಲದಲ್ಲಿ ಜಾಲರಿ ಇಲ್ಲ, ವಾಟ ಇಲ್ಲ, ವಾಟರ್‌ಪ್ರೂಫಿಂಗ್ ಇಲ್ಲ. ಮೊದಲ ದಿನ ಬಾಗಿಲಿನಿಂದ ಹಾಲ್‌ಗೆ ಬರುತ್ತೆ, ಮೂರನೇ ತಿಂಗಳಿಗೆ ಪಕ್ಕದ ಗೋಡೆಯ ಬಣ್ಣ ಉಬ್ಬುತ್ತೆ.

ರಾತ್ರಿಪಾಳಿ:
ಮುಚ್ಚಳದ ಮೇಲೆ ಕೂರಿಸುವುದು ಬೇಡವೇ ಬೇಡ. ಒದ್ದೆಯಾದರೆ ಜಾರುತ್ತದೆ, ಪ್ಲಾಸ್ಟಿಕ್ ತೆಳುವಾಗಿದ್ದರೆ ಬಿರುಕು ಬಿಡುತ್ತದೆ, ಕುಳಿತವರಿಗೆ ಅಕ್ಕಪಕ್ಕ ಹಿಡಿಯಲು ಏನೂ ಇರುವುದಿಲ್ಲ. ಕಮೋಡ್ ಮೇಲೆ ಸರಿಯಾಗಿ ನಿಲ್ಲುವ, ನಡುವೆ ತೂತಿರುವ ಗಾಲಿ ಕುರ್ಚಿ ಬರುತ್ತದೆ, ಅದಾದರೆ ಬೇರೆ ಮಾತು.

ನಾನು ವಯಸ್ಸಾದವರನ್ನು ನೋಡಿಕೊಳ್ಳುವ ಕೆಲಸದಲ್ಲಿದ್ದೇನೆ. ಮೆಟ್ಟಿಲು_ಬೇಡ ಅವರೇ, ಪೈಪಿನ ವಿಷಯ ಇರಲಿ. ದೊಡ್ಡಮ್ಮನಿಗೆ ಸ್ನಾನ ಮಾಡಿಸುವವರು ಯಾರು? ಅವರೇ ಮಾಡಿಕೊಳ್ಳುತ್ತಾರಾ, ಒಬ್ಬರು ಒಳಗೆ ನಿಲ್ಲಬೇಕಾ? ನಿಲ್ಲುವುದಾದರೆ ಎಲ್ಲಿ ನಿಲ್ಲುತ್ತೀರಿ? 3 ಅಡಿ 4 ಇಂಚಿನಲ್ಲಿ ಕುರ್ಚಿ, ವಾಕರ್, ನೀವು, ವಾಶ್‌ಬೇಸಿನ್ ಎಲ್ಲ ಹಿಡಿಸುತ್ತಾ? ಒಂದು ಟೈಲ್ ಕೂಡ ಒಡೆಯುವ ಮೊದಲು ಒಣ ಸ್ನಾನ ಮಾಡಿಸಿ ನೋಡಿ. ಅಂದರೆ ಬಟ್ಟೆ ಹಾಕಿಕೊಂಡೇ, ನೀರಿಲ್ಲದೆ. ಒಂದು ಕುರ್ಚಿ ಇಡಿ, ಅವರು ವಾಕರ್ ಹಿಡಿದು ಬರಲಿ, ತಿರುಗಲಿ, ಕೂರಲಿ, ಬೆನ್ನು ತಿಕ್ಕುವ ಹಾಗೆ ಮಾಡಲಿ, ಏಳಲಿ. ನೀವು ಸಹಾಯ ಮಾಡದೆ ಸುಮ್ನೆ ನೋಡಿ, ಬೀಳದ ಹಾಗೆ ಹತ್ತಿರ ಇದ್ದರೆ ಸಾಕು. ಕೈ ಎಲ್ಲೆಲ್ಲಿ ಆಸರೆ ಹುಡುಕುತ್ತದೋ ಅಲ್ಲಲ್ಲಿ ಗೋಡೆಯ ಮೇಲೆ ಪೆನ್ಸಿಲ್ ಗುರುತು ಹಾಕಿ. ನಕ್ಷೆಗಿಂತ ಆ ಗುರುತು ಮುಖ್ಯ.

ಬಾಗಿಲು ಮಾತ್ರ ಇವತ್ತೇ ತೀರ್ಮಾನ ಮಾಡಿ. ಒಳಗೆ ತೆರೆಯುವ ಬಾಗಿಲಿಗೆ ಅಡ್ಡವಾಗಿ ಅವರು ಬಿದ್ದರೆ ಹೊರಗಿನಿಂದ ತಳ್ಳಲು ಆಗುವುದಿಲ್ಲ, ತಳ್ಳಿದರೆ ಅವರಿಗೇ ಪೆಟ್ಟು. ಹೊರಗೆ ತೆರೆಯುವಂತೆ ತಿರುಗಿಸಿ, ಇಲ್ಲ ಗೋಡೆ ಪಕ್ಕ ಜಾರುವ ಬಾಗಿಲು ಹಾಕಿ. ಚಿಲಕ ಹೊರಗಿನಿಂದ ನಾಣ್ಯ ಹಾಕಿ ತಿರುಗಿಸಿದರೆ ಬಿಚ್ಚುವಂಥದ್ದು ಇರಲಿ.

ಮೆಟ್ಟಿಲು_ಬೇಡ:
ಒಣ ಸ್ನಾನ ಆಯಿತು! ದೊಡ್ಡಮ್ಮ "ಬಟ್ಟೆ ಹಾಕ್ಕೊಂಡು ಎಂಥಾ ಸ್ನಾನಾನೋ, ಹುಚ್ಚು ಹಿಡಿದಿದ್ಯಾ ನಿನಗೆ" ಅಂತ ಬೈದುಕೊಂಡೇ ಬಂದರು, ಆಮೇಲೆ ಅವರಿಗೇ ಮಜಾ ಬಂತು, ಮೂರು ಸಲ ಮಾಡಿದರು.

ನಾನು ಅಂದುಕೊಂಡಿದ್ದೆಲ್ಲ ತಲೆಕೆಳಗಾಯಿತು. ಬಾಗಿಲು ತೆರೆದರೆ ಸಿಗುವ ಜಾಗ 27 ಇಂಚು, ವಾಕರ್ 25. ಬೆರಳಿನ ಗಿಣ್ಣು ಚೌಕಟ್ಟಿಗೆ ತಾಗುತ್ತದೆ. ಒಳಗೆ ಬಂದ ಮೇಲೆ ವಾಶ್‌ಬೇಸಿನ್ ಅಡ್ಡ, ವಾಕರ್ ಮುಂದೆ ಹೋಗುವುದೇ ಇಲ್ಲ. ಅವರು ಏನು ಮಾಡಿದರು ಗೊತ್ತಾ? ವಾಕರ್ ಅಲ್ಲೇ ಬಿಟ್ಟು, ಒಂದು ಕೈ ವಾಶ್‌ಬೇಸಿನ್ ಅಂಚಿಗೆ, ಇನ್ನೊಂದು ಕೈ ಟವೆಲ್ ಹಾಕುವ ಸರಳಿಗೆ ಕೊಟ್ಟು ಎರಡು ಹೆಜ್ಜೆ ನಡೆದರು. ಆ ಸರಳು ನಿಂತಿರುವುದು ಎರಡು ಪುಟ್ಟ ಸ್ಕ್ರೂ ಮೇಲೆ. ದಿನಾ ಟಾಯ್ಲೆಟ್‌ಗೆ ಹೋಗುವಾಗಲೂ ಹೀಗೇ ಮಾಡುತ್ತಾರಂತೆ. ನಾಲ್ಕು ತಿಂಗಳಿಂದ. ನಮಗೆ ಗೊತ್ತೇ ಇರಲಿಲ್ಲ.

ಆಪರೇಷನ್ ಆಗಿರುವುದು ಬಲಗಡೆ. ಏಳುವಾಗ ಎಡಗೈಯಲ್ಲಿ ಜೋರಾಗಿ ಕೆಳಕ್ಕೆ ಒತ್ತುತ್ತಾರೆ. ಶವರ್‌ನ ಪೆಟ್ಟಿಗೆಯಲ್ಲಿ ಬಂದ ಚಿತ್ರದಂತೆ ಬಲಗೋಡೆಗೆ ಹಿಡಿಕೆ ಹಾಕಿಸಿದ್ದರೆ ಅದು ಬಟ್ಟೆ ನೇತುಹಾಕಲು ಆಗುತ್ತಿತ್ತು.

ಊರುಗೋಲು:
ನಾನು ಫಿಸಿಯೋಥೆರಪಿಸ್ಟ್. ಟವೆಲ್ ಸರಳನ್ನು ಇವತ್ತೇ ಬಿಚ್ಚಿ ಬಿಸಾಡಿ. ರಬ್ಬರ್ ಬಟ್ಟಲು ಒತ್ತಿ ಟೈಲ್‌ಗೆ ಅಂಟಿಸುವ ಹಿಡಿಕೆಗಳೂ ಬೇಡ. ಎಷ್ಟೋ ದಿನ ಗಟ್ಟಿಯಾಗಿರುತ್ತವೆ, ನಂಬಿಕೆ ಬಂದ ಮೇಲೆ ಒಂದು ದಿನ ಕೈಕೊಡುತ್ತವೆ.

ಹಿಡಿಕೆಯ ದಪ್ಪ 32ರಿಂದ 38 ಮಿ.ಮೀ. ಇದ್ದರೆ ವಯಸ್ಸಾದ ಕೈಗೆ ಹಿಡಿತ ಸಿಗುತ್ತದೆ. ಗೋಡೆಗೂ ಹಿಡಿಕೆಗೂ ನಡುವೆ 38 ಮಿ.ಮೀ. ಸಾಕು, ಅದಕ್ಕಿಂತ ಜಾಸ್ತಿ ಬಿಟ್ಟರೆ ಜಾರಿದಾಗ ಮುಂಗೈ ಒಳಗೆ ಹೋಗಿ ಸಿಕ್ಕಿಕೊಳ್ಳುತ್ತದೆ. ಅಡ್ಡ ಹಿಡಿಕೆಯ ಎತ್ತರ ಸಾಮಾನ್ಯವಾಗಿ ನೆಲದಿಂದ 33ರಿಂದ 36 ಇಂಚು ಅನ್ನುತ್ತಾರೆ, ಆದರೆ ನಿಮ್ಮ ಹತ್ತಿರ ಪೆನ್ಸಿಲ್ ಗುರುತೇ ಇದೆಯಲ್ಲ. ಗಿಡ್ಡ ಇರುವವರಿಗೆ ಸ್ವಲ್ಪ ಕೆಳಗೆ ಬರುತ್ತದೆ. ಬಾಗಿಲ ಹತ್ತಿರ ಒಂದು ನೆಟ್ಟಗಿನ ಹಿಡಿಕೆ ಇರಲಿ, ಒಳಗೆ ಬರುವಾಗ ಎಳೆದುಕೊಳ್ಳಲಿಕ್ಕೆ.

ಗೋಡೆ ಯಾವುದರದು ಅಂತ ನೋಡಿಕೊಳ್ಳಿ. ಗಟ್ಟಿ ಇಟ್ಟಿಗೆಯಾದರೆ ಚಿಂತೆ ಇಲ್ಲ. ಟೊಳ್ಳು ಬ್ಲಾಕ್ ಆದರೆ ಮಾಮೂಲಿ ಪ್ಲಗ್ ಹಾಕಿ ಸ್ಕ್ರೂ ಬಿಗಿದರೆ ಹಿಡಿತವೇ ಇರುವುದಿಲ್ಲ. ಬೋರ್ಡ್ ಗೋಡೆಯಾದರೆ ಟೈಲ್ ಹಾಕುವ ಮೊದಲೇ ಹಿಂದೆ ಮರದ ಹಲಗೆ ಕೂರಿಸಬೇಕು. ಹಾಕಿದ ದಿನ ನೀವೇ ಪೂರ್ತಿ ಭಾರ ಬಿಟ್ಟು ಜೋತು ನೋಡಿ. ಅದು ನಿಮ್ಮನ್ನು ತಡೆಯದಿದ್ದರೆ ಬೀಳುತ್ತಿರುವ ಅವರನ್ನೂ ತಡೆಯುವುದಿಲ್ಲ.

ಕುರ್ಚಿ 17ರಿಂದ 19 ಇಂಚು ಎತ್ತರ. ಸೊಂಟದ ಆಪರೇಷನ್ ಆದವರಿಗೆ ತಗ್ಗು ಕುರ್ಚಿ ಆಗಲೇಬಾರದು. ಗೋಡೆಗೆ ಮಡಚುವ ಕುರ್ಚಿ ಚೆಂದ, ಆದರೆ ನಿಮ್ಮ ಇಕ್ಕಟ್ಟಿನಲ್ಲಿ ಕೈಯಿರುವ, ಕಾಲಿನ ಎತ್ತರ ಬದಲಿಸಬಹುದಾದ ಬಿಡಿ ಕುರ್ಚಿಯೇ ವಾಸಿ. ಎರಡು ಕೈಗೂ ಒತ್ತಲು ಜಾಗ ಸಿಗುತ್ತದೆ.

ಗಾರೆ_ಕೈ:
ಈಗ ನೆಲದ ಮಾತು. ಶವರ್ ನೆಲಕ್ಕೆ 60ಕ್ಕೆ 1 ವಾಟ ಸಾಕು, ಬಾಗಿಲಿನಿಂದ ಕಮೋಡ್ ಮುಂದಿನವರೆಗಿನ ನಿಮ್ಮ ನಾಲ್ಕೂವರೆ ಅಡಿಗೆ ಸುಮಾರು ಒಂದು ಇಂಚು. ಜಾಸ್ತಿ ಕೊಟ್ಟರೆ ನೀರು ಬೇಗ ಹೋಗುತ್ತೆ ಅಂತ ಮೇಸ್ತ್ರಿ ಹೇಳುತ್ತಾರೆ, ನಿಜ, ಜೊತೆಗೆ ಕುರ್ಚಿಯೂ ಹೊರಟು ಹೋಗುತ್ತೆ. ವಾಟ ಒಂದೇ ದಿಕ್ಕಿಗೆ ಇರಲಿ, ಬಾಗಿಲಿನಿಂದ ಕಮೋಡ್ ಕಡೆಗೆ. ನಡುವೆ ಒಂದು ಚೌಕ ಜಾಲರಿ ಇಟ್ಟು ನಾಲ್ಕೂ ಕಡೆಯಿಂದ ಇಳಿಸಿದರೆ ಕುರ್ಚಿಯ ನಾಲ್ಕು ಕಾಲು ನಾಲ್ಕು ಎತ್ತರದಲ್ಲಿ ನಿಲ್ಲುತ್ತೆ. ಕಮೋಡ್ ಮುಂದೆ ಅಡ್ಡಕ್ಕೆ ಉದ್ದನೆಯ ಜಾಲರಿ ಹಾಕಿಸಿ, ಆಗ ನೆಲ ಒಂದೇ ಹಲಗೆಯ ಹಾಗೆ ಇಳಿಯುತ್ತೆ.

ನಮ್ಮ ಅಮ್ಮನ ಮನೆಯಲ್ಲಿ ಏನಾಯಿತು ಅಂದರೆ, ನಾನು ಊರಲ್ಲಿ ಇರಲಿಲ್ಲ, ಬೇರೆ ಒಬ್ಬರು ಬಂದು ಟೈಲ್ ಹಾಕಿದರು. ರಸಮಟ್ಟ ಇಟ್ಟಿದ್ದಾರೆ, ಗುಳ್ಳೆ ಸರಿಯಾಗಿ ನಡುವೆ ಕೂತಿದೆ, ಖುಷಿಯಿಂದ ಹೋಗಿದ್ದಾರೆ. ಗುಳ್ಳೆ ನಡುವೆ ಕೂತರೆ ವಾಟ ಇಲ್ಲ ಅಂತ ತಾನೇ! ಅಷ್ಟೂ ನೀರನ್ನು ಅಮ್ಮ ಎರಡು ವರ್ಷ ಪೊರಕೆಯಲ್ಲಿ ನೂಕಿದರು. ಗಾರೆಯವನ ಮನೆಯೇ ಸೋರುತ್ತೆ ಅನ್ನೋದು ಸುಮ್ನೆ ಅಲ್ಲ.

ಟೈಲ್ ಚಿಕ್ಕದಾಗಿದ್ದಷ್ಟೂ ಒಳ್ಳೆಯದು, ಸಂದು ಜಾಸ್ತಿ ಇರುತ್ತೆ, ಪಾದಕ್ಕೆ ಹಿಡಿತ ಸಿಗುತ್ತೆ. ಪೆಟ್ಟಿಗೆಯ ಮೇಲೆ ಆರ್10, ಆರ್11 ಅಂತ ಬರೆದಿರುತ್ತೆ, ಅದು ಶೂ ಹಾಕಿಕೊಂಡು ಎಣ್ಣೆ ನೆಲದ ಮೇಲೆ ಮಾಡಿದ ಪರೀಕ್ಷೆ. ಬರಿಗಾಲು, ಸೋಪಿನ ನೀರಿಗೆ ಬೇರೆ ಗುರುತಿದೆ: ಎ, ಬಿ, ಸಿ. ಶವರ್‌ಗೆ ಬಿ ನೋಡಿ ತಗೊಳ್ಳಿ.

ವಾಟರ್‌ಪ್ರೂಫಿಂಗ್ ಎರಡು ಕೋಟ್, ಒಂದು ಒಣಗಿದ ಮೇಲೆ ಇನ್ನೊಂದು, ಮೂಲೆಗಳಿಗೆ ಪಟ್ಟಿ ಅಂಟಿಸಿ. ಶವರ್ ಇರುವ ಗೋಡೆಗೆ ಆಳೆತ್ತರ, ಉಳಿದ ಕಡೆ ಕನಿಷ್ಠ ಒಂದು ಗೇಣು. ಆಮೇಲೆ ಜಾಲರಿ ಮುಚ್ಚಿ, ಬಾಗಿಲಿಗೆ ಅಡ್ಡ ಕಟ್ಟಿ, ನೀರು ನಿಲ್ಲಿಸಿ 24 ಗಂಟೆ ಬಿಡಬೇಕು. ಇದೊಂದನ್ನು ಮಾತ್ರ ಯಾರೂ ಬಿಡಬೇಡಿ. "ನಮ್ಮ ಕೆಲಸದ ಮೇಲೆ ನಂಬಿಕೆ ಇಲ್ವಾ" ಅಂತ ಮುಖ ಊದಿಸಿಕೊಳ್ಳುತ್ತಾರೆ. ಊದಿಸಿಕೊಳ್ಳಲಿ.

ಫ್ಯೂಸ್_ಹೋಯ್ತು:
ಬಿಸಿ ನೀರಿನ ಬಗ್ಗೆ ಯಾರೂ ಬರೆದೇ ಇಲ್ಲ. ಟ್ಯಾಂಕಿರುವ ಹೀಟರ್‌ನಲ್ಲಿ ನೀರನ್ನು 60 ಡಿಗ್ರಿಗೆ ಇಡುತ್ತಾರೆ, ಬ್ಯಾಕ್ಟೀರಿಯಾ ಬೆಳೆಯದಿರಲಿ ಅಂತ. ಆ 60 ಡಿಗ್ರಿ ನೀರು ಮೈಮೇಲೆ ಬಿದ್ದರೆ ಸುಮಾರು 5 ಸೆಕೆಂಡಿನಲ್ಲಿ ಚರ್ಮ ಆಳವಾಗಿ ಸುಡುತ್ತದೆ. ವಯಸ್ಸಾದವರ ಚರ್ಮ ತೆಳು, ಇನ್ನೂ ಬೇಗ ಸುಡುತ್ತದೆ. ನಾವಾದರೆ ಹಾರಿ ಪಕ್ಕಕ್ಕೆ ಹೋಗುತ್ತೇವೆ, ಕುರ್ಚಿಯಲ್ಲಿ ಕೂತ ದೊಡ್ಡಮ್ಮ ಎಲ್ಲಿಗೆ ಹಾರುತ್ತಾರೆ? ಥರ್ಮೋಸ್ಟ್ಯಾಟ್ ಇರುವ ಮಿಕ್ಸರ್ ಹಾಕಿಸಿ. 38ರಿಂದ 40ಕ್ಕೆ ಇಟ್ಟರೆ ಅಲ್ಲೇ ನಿಲ್ಲುತ್ತದೆ, ತಣ್ಣೀರು ನಿಂತು ಹೋದರೆ ಬಿಸಿ ನೀರನ್ನೂ ತಡೆಯುತ್ತದೆ. ಮೇಲಿನ ಮನೆಯಲ್ಲಿ ಯಾರೋ ಫ್ಲಶ್ ಮಾಡಿದರೆ ಇಲ್ಲಿ ನೀರು ಕುದಿಯುವುದು ತಪ್ಪುತ್ತದೆ.

ಇದುವರೆಗೆ ಅದು ಟಾಯ್ಲೆಟ್, ಇನ್ನು ಮುಂದೆ ನೀರು ಚಿಮ್ಮುವ ಜಾಗ. ಸ್ವಿಚ್, ಸಾಕೆಟ್ ಎಲ್ಲ ಹೊರಗೆ ಹೋಗಬೇಕು. ಲೈಟು ಮತ್ತು ಫ್ಯಾನ್ ನೀರು ತಾಗಿದರೂ ತಡೆಯುವಂಥವು ಇರಲಿ, ಐಪಿಎಕ್ಸ್4 ಅಂತ ಬರೆದಿರುತ್ತದೆ. ಆ ಲೈನಿಗೆ 30 ಮಿಲಿಆಂಪಿನ ಆರ್‌ಸಿಸಿಬಿ (ಕರೆಂಟ್ ಸೋರಿದರೆ ತಕ್ಷಣ ಲೈನ್ ಕಡಿಯುವ ಸ್ವಿಚ್) ಇದೆಯಾ ನೋಡಿ, ಇಲ್ಲದಿದ್ದರೆ ಅದು ಮೊದಲು. ಇದನ್ನು ನೀವೇ ಮಾಡಲು ಹೋಗಬೇಡಿ, ಗೊತ್ತಿರುವ ಎಲೆಕ್ಟ್ರಿಷಿಯನ್ ಕರೆಸಿ.

ಮೆಟ್ಟಿಲು_ಬೇಡ:
ನಮ್ಮದು ಛಾವಣಿ ಮೇಲಿನ ಟ್ಯಾಂಕ್. ಪ್ರೆಶರ್ ಸಾಕಾಗುತ್ತಾ?

ಹಳೇಪೈಪು:
ಕೆಳಗಿನ ಮನೆಗೆ ಅದೇ ಲಾಭ. ಹತ್ತು ಮೀಟರ್ ಎತ್ತರಕ್ಕೆ ಸುಮಾರು ಒಂದು ಬಾರ್. ನಿಮಗೆ ಆರೇಳು ಮೀಟರ್ ಇರಬಹುದು, ಹ್ಯಾಂಡ್ ಶವರ್‌ಗೆ ಧಾರಾಳ. ಆದರೆ ಕಡಿಮೆ ಪ್ರೆಶರ್‌ನಲ್ಲಿ ಓಡುವ ಮಿಕ್ಸರನ್ನೇ ಕೇಳಿ ತಗೊಳ್ಳಿ. ಬಿಸಿ, ತಣ್ಣನೆ ಎರಡೂ ಒಂದೇ ಟ್ಯಾಂಕಿನಿಂದ ಬರಲಿ.

ಸುಮ್ನೆ_ಓದುಗ:
ಗಾಜಿನ ಬಾಗಿಲು ಹಾಕಿಸುತ್ತೀರಾ? ನೋಡಲು ಚೆನ್ನಾಗಿರುತ್ತದೆ.

ರಾತ್ರಿಪಾಳಿ:
ನೋಡಲು ಮಾತ್ರ. ಸಹಾಯ ಮಾಡುವವರಿಗೆ ಅದರಷ್ಟು ದೊಡ್ಡ ಅಡ್ಡಿ ಇನ್ನೊಂದಿಲ್ಲ. ಪರದೆ ಹಾಕಿ. ಅವರು ಒಳಗೆ ತಾವೇ ನೀರು ಹಾಕಿಕೊಳ್ಳುತ್ತಾರೆ, ನೀವು ಈಚೆ ನಿಂತು ಮಾತಾಡುತ್ತಾ ಇರಬಹುದು, ಬೇಕಾದಾಗ ಕೈ ಕೊಟ್ಟರೆ ಆಯಿತು. ವಯಸ್ಸಾಯಿತು ಅಂತ ನಾಚಿಕೆ ಹೋಗಿರುವುದಿಲ್ಲ. ಕುಳಿತಲ್ಲೇ ಕೈಗೆ ಸಿಗುವಂತೆ ಹ್ಯಾಂಡ್ ಶವರ್ ಇರಲಿ, ಪೈಪು ಒಂದೂವರೆ ಮೀಟರ್ ಉದ್ದ ಇದ್ದರೆ ಬೆನ್ನಿಗೂ ಹೋಗುತ್ತದೆ. ಸ್ನಾನ ಆದ ತಕ್ಷಣ ಎಬ್ಬಿಸಬೇಡಿ, ಬಿಸಿ ನೀರಿಗೆ ರಕ್ತದೊತ್ತಡ ಇಳಿದು ತಲೆ ತಿರುಗುತ್ತದೆ. ಕುಳಿತೇ ಮೈ ಒರೆಸಿಕೊಳ್ಳಲಿ.

ಮತ್ತೆ, ಕೆಲಸ ನಡೆಯುವಷ್ಟು ದಿನ ಅವರು ಟಾಯ್ಲೆಟ್‌ಗೆ ಎಲ್ಲಿ ಹೋಗುತ್ತಾರೆ? ಎಲ್ಲರೂ ಮರೆಯುವುದು ಇದನ್ನೇ.

ಮೆಟ್ಟಿಲು_ಬೇಡ:
ಅಯ್ಯೋ, ಮರೆತೇ ಹೋಗಿತ್ತು.

ಮೆಟ್ಟಿಲು_ಬೇಡ:
ಆರು ವಾರದ ನಂತರ ಬರೆಯುತ್ತಿದ್ದೇನೆ. ಕೆಲಸ ಮುಗಿಯಿತು.

ಕಮೋಡ್ ಕುರ್ಚಿ ಮೊದಲೇ ತಂದು ಅವರ ಕೋಣೆಯಲ್ಲಿ ಇಟ್ಟೆವು, ಒಂದು ವಾರ ಅಂದಿದ್ದು ಹದಿನೇಳು ದಿನ ಆಯಿತು. ವಾಶ್‌ಬೇಸಿನ್ ತೆಗೆದು ಹೊರಗಿನ ಪ್ಯಾಸೇಜಿಗೆ ಹಾಕಿಸಿದೆ. ಹಳೇ ಚೌಕಟ್ಟು ಕಿತ್ತು ಜಾರುವ ಬಾಗಿಲು ಹಾಕಿದ್ದೇವೆ, ಈಗ 33 ಇಂಚು ಸಿಗುತ್ತದೆ, ವಾಕರ್ ಸಲೀಸಾಗಿ ಬರುತ್ತದೆ. ಹೊಸ್ತಿಲು ಇಲ್ಲವೇ ಇಲ್ಲ.

24 ಗಂಟೆ ನೀರು ನಿಲ್ಲಿಸಿದ ಕಥೆ ಹೇಳಲೇಬೇಕು. ಗೋಡೆಗೆ ಪೆನ್ಸಿಲ್ ಗೆರೆ ಹಾಕಿ ರಾತ್ರಿ ಮಲಗಿದೆ. ಬೆಳಿಗ್ಗೆ ನೀರು ಗೆರೆಗಿಂತ ಒಂದು ಬೆರಳು ಕೆಳಗೆ! ಮೇಸ್ತ್ರಿ "ಆವಿಯಾಗಿದೆ" ಅಂದರು. ಮುಚ್ಚಿದ ಕೋಣೆಯಲ್ಲಿ ಒಂದು ರಾತ್ರಿಗೆ ಒಂದು ಬೆರಳು ಆವಿಯಾಗುತ್ತಾ? ಗಾರೆ_ಕೈ ಅವರನ್ನು ನೆನೆಸಿಕೊಂಡು ಹಟ ಹಿಡಿದು ಕೂತೆ. ಟ್ರ್ಯಾಪಿನ ಕುತ್ತಿಗೆ ನೆಲವನ್ನು ಸೇರುವ ಕಡೆ ಕೋಟಿಂಗ್ ಬಿಟ್ಟುಕೊಂಡಿತ್ತು. ಪುನಃ ಬಳಿದರು, ಪುನಃ ನಿಲ್ಲಿಸಿದೆವು, ಗೆರೆ ಮೇಲೇ ನಿಂತಿತು. ಟೈಲ್ ಹಾಕಿದ ಮೇಲೆ ಗೊತ್ತಾಗಿದ್ದರೆ ನನ್ನ ಗತಿ ಏನು.

ಎಡಗೋಡೆಗೆ ಅಡ್ಡ ಹಿಡಿಕೆ 32 ಇಂಚಿಗೆ ಬಂತು, ದೊಡ್ಡಮ್ಮನ ಗುರುತು ಇದ್ದಲ್ಲಿಗೇ. ಬಣ್ಣ ಕಡು ನೀಲಿ, ಬಿಳಿ ಟೈಲ್ ಮೇಲೆ ಅವರ ಕಣ್ಣಿಗೆ ಚೆನ್ನಾಗಿ ಕಾಣುತ್ತದೆ. ನಾನು ಜೋತು ನೋಡಿದೆ, ನನ್ನ ತೂಕ 84 ಕಿಲೋ, ಅಲ್ಲಾಡಲಿಲ್ಲ. ಮೊದಲ ಸ್ನಾನ ಅರ್ಧ ಗಂಟೆ ಆಯಿತು. ಹೆಂಡತಿ ಪರದೆ ಈಚೆ ನಿಂತು ಎರಡು ಸಲ "ಆಯ್ತಾ" ಅಂತ ಕೇಳಿದ್ದಕ್ಕೆ "ನಾಲ್ಕು ತಿಂಗಳಿಂದ ನಿಮ್ಮ ಅವಸರದ ಸ್ನಾನ ಆಗಿದೆ, ಸುಮ್ನಿರಿ" ಅಂತ ಉತ್ತರ ಬಂತು.

ಒಂದು ತಪ್ಪಾಗಿದೆ. ಸೋಪು ಇಡುವ ಶೆಲ್ಫ್ ಅವರ ಬೆನ್ನ ಹಿಂದೆ ಬಂದಿದೆ, ಒಣ ಸ್ನಾನದಲ್ಲಿ ಸೋಪು ಇರಲಿಲ್ಲವಲ್ಲ! ತಿರುಗಿ ತೆಗೆಯುವಾಗ ಸೊಂಟ ತಿರುಚುತ್ತದೆ. ನಾಳೆ ಡ್ರಿಲ್ ಹಿಡಿದು ಮುಂದಿನ ಗೋಡೆಗೆ ಹಾಕಿಬಿಡಲಾ?

ಗಾರೆ_ಕೈ:
ಡ್ರಿಲ್ ಕೆಳಗಿಡಿ! ಟೈಲ್ ಹಿಂದೆ ಅಷ್ಟು ಕಷ್ಟಪಟ್ಟು ಬಳಿದಿದ್ದನ್ನು ತೂತು ಮಾಡುತ್ತೀರಾ? ಶೆಲ್ಫ್‌ಗೆ ಅಂಟು ಸಾಕು, ಅದರ ಮೇಲೆ ಯಾರೂ ಭಾರ ಹಾಕುವುದಿಲ್ಲ.

ಊರುಗೋಲು:
ಹಾಕುತ್ತಾರೆ. ಗೋಡೆಯಿಂದ ಚಾಚಿಕೊಂಡಿದ್ದೆಲ್ಲ ಅವರ ಕೈಗೆ ಹಿಡಿಕೆಯೇ. ವಾಶ್‌ಬೇಸಿನ್ ಮರೆತಿರಾ? ಶೆಲ್ಫ್ ಬೇಡ. ಸೋಪಿಗೆ ದಾರ ಪೋಣಿಸಿ ಕುರ್ಚಿಯ ಕೈಗೆ ಕಟ್ಟಿ.

ಮೆಟ್ಟಿಲು_ಬೇಡ:
ಕಟ್ಟಿದೆ. ದಾರ ಗಿಡ್ಡ ಆಯಿತಂತೆ, ಬೆನ್ನಿಗೆ ಎಟಕುತ್ತಿಲ್ಲವಂತೆ. ಬದಲಿಸುತ್ತಿದ್ದೇನೆ.